ಹೆಸರಿಲ್ಲದ ಹಾಡಿನ ಮೇಲೆ ಒಂದು ಮೊಕದ್ದಮೆ

2023ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಸರ್ಕಾರ ಹೈಕೋರ್ಟಿಗೆ ಹೋಗಿ ಒಂದು ಹಾಡಿಗೆ ತಡೆಯಾಜ್ಞೆ ಕೇಳಿತು. ಅರ್ಜಿ ಹಾಕಿದ್ದು ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥರು. ಆದರೆ ಯಾರ ಮೇಲೆ? ಪ್ರತಿವಾದಿಯ ಜಾಗದಲ್ಲಿ ಯಾರ ಹೆಸರೂ ಇರಲಿಲ್ಲ. ಇಂತಿಂಥ ಕೆಲಸ ಮಾಡುವ ವ್ಯಕ್ತಿಗಳು ಅನ್ನೋ ಅರ್ಥದ ಒಂದು ಉದ್ದ ಸಾಲು ಮಾತ್ರ ಇತ್ತು. ಹಾಡು ಬರೆದವರು ಯಾರು ಅಂತ ಗೊತ್ತಿರಲಿಲ್ಲ. ಹಾಡಿದವರು ಲಕ್ಷಗಟ್ಟಲೆ ಇದ್ದರು. ಕೇಸ್ ಹಾಕೋದಾದರೂ ಯಾರ ಮೇಲೆ?

ನನಗೆ ಈ ಖಾಲಿ ಜಾಗವೇ ಇಡೀ ಕಥೆಯ ಬೀಗದ ಕೈ ಅನ್ನಿಸುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ಏಷ್ಯಾದ ಊರೂರಲ್ಲಿ ಹುಡುಗ ಹುಡುಗಿಯರು ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದಿದ್ದಾರೆ. ಎಲ್ಲ ಕಡೆಯೂ ಹಾಡಿದ್ದಾರೆ. ಹಾಡು ಜನರನ್ನು ಒಗ್ಗೂಡಿಸುತ್ತದೆ ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳಲ್ಲ, ಆದರೆ ಅಷ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಹಾಡು ಯಾರದ್ದು ಅನ್ನೋ ಪ್ರಶ್ನೆ ಹಿಡಿದು ಹೋದರೆ ದಾರಿ ಕಾಣುತ್ತದೆ. ಬೀದಿಯ ಹಾಡಿಗೆ ವಾರಸುದಾರರಿಲ್ಲದಿದ್ದರೆ ಏನಾಗುತ್ತದೆ? ಹಾಡಿದವನು ಮುಖ ತೋರಿಸಿ ಹೆಸರು ಹೇಳಿದರೆ ಏನಾಗುತ್ತದೆ? ಹಾಂಗ್‌ಕಾಂಗ್, ಮ್ಯಾನ್ಮಾರ್, ಬಾಂಗ್ಲಾದೇಶ ಈ ಮೂರೂ ಕಡೆ ಇದಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ.

ಹಾಂಗ್‌ಕಾಂಗಿನಿಂದಲೇ ಶುರು ಮಾಡೋಣ. 2019ರ ಜೂನ್. ಹಾಂಗ್‌ಕಾಂಗ್ ಚೀನಾದ್ದೇ ಭಾಗ, ಆದರೆ ಕೋರ್ಟು, ಕಾನೂನು ಬೇರೆ. ಆರೋಪಿಗಳನ್ನು ಅಲ್ಲಿಂದ ಚೀನಾದ ಮುಖ್ಯನಾಡಿಗೆ ಒಪ್ಪಿಸಲು ದಾರಿ ಮಾಡುವ ಮಸೂದೆಯ ವಿರುದ್ಧ ಜನ ಎದ್ದಿದ್ದರು. ಜೂನ್ 16ರ ಮೆರವಣಿಗೆಗೆ 20 ಲಕ್ಷ ಜನ ಬಂದಿದ್ದರು ಅಂತ ಸಂಘಟಕರು ಹೇಳಿದರು. ಪೊಲೀಸರ ಲೆಕ್ಕದಲ್ಲಿ ಅದು 3 ಲಕ್ಷ 38 ಸಾವಿರ. ಆ ದಿನಗಳಲ್ಲಿ ಶಾಸನ ಸಭೆಯ ಕಟ್ಟಡದ ಹೊರಗೆ ರಾತ್ರಿಯಿಡೀ ಕೇಳುತ್ತಿದ್ದದ್ದು ಒಂದು ಕ್ರೈಸ್ತ ಭಜನೆ. ನಾಲ್ಕೇ ಸಾಲು, ಅದೇ ಅದೇ ಮತ್ತೆ ಮತ್ತೆ. ಕ್ರೈಸ್ತರಲ್ಲದವರೂ ಹಾಡಿದರು. ಇದರ ಹಿಂದೆ ಒಂದು ಕಾನೂನಿನ ಸಂಗತಿ ಇತ್ತು. ಅಲ್ಲಿ ಸಾರ್ವಜನಿಕ ಸಭೆಗೆ ಪೊಲೀಸರಿಗೆ ಮೊದಲೇ ತಿಳಿಸಬೇಕು. ಧಾರ್ಮಿಕ ಕೂಟಕ್ಕೆ ಅದರಿಂದ ವಿನಾಯಿತಿ ಇದೆ. ಭಜನೆ ಹಾಡುವ ಗುಂಪನ್ನು ಅಕ್ರಮ ಕೂಟ ಅಂತ ಚದುರಿಸೋದು ಪೊಲೀಸರಿಗೆ ಅಷ್ಟು ಸುಲಭ ಆಗಿರಲಿಲ್ಲ. ಹಾಡು ಆ ಮಟ್ಟಿಗೆ ಒಂದು ಕೊಡೆಯ ಹಾಗೆ ಕೆಲಸ ಮಾಡಿತು.

ಆದರೂ ಅದು ಎರವಲು ಹಾಡು. ತಮ್ಮದೇ ಒಂದು ಹಾಡು ಬೇಕು ಅಂತ ಅನ್ನಿಸುತ್ತಿತ್ತು. ಆಗಸ್ಟ್ 26ರಂದು ಚಳವಳಿಗಾರರು ಮಾತಾಡಿಕೊಳ್ಳುತ್ತಿದ್ದ ಆನ್‌ಲೈನ್ ಜಾಗವೊಂದರಲ್ಲಿ ಒಬ್ಬರು ಹಾಡೊಂದನ್ನು ಹಾಕಿದರು. ಇಟ್ಟುಕೊಂಡ ಹೆಸರು ಥಾಮಸ್. ನಿಜವಾದ ಹೆಸರು ಇವತ್ತಿಗೂ ಬಯಲಾಗಿಲ್ಲ. ಕಂಡವರೆಲ್ಲ ಸಲಹೆ ಕೊಟ್ಟರು, ಸಾಲು ತಿದ್ದಿದರು, ಪದ ಬದಲಿಸಿದರು. ‘ಗ್ಲೋರಿ ಟು ಹಾಂಗ್‌ಕಾಂಗ್’ ಹೀಗೆ ತಯಾರಾಯಿತು. ಬೀದಿಯಲ್ಲಿ ಕೂಗುತ್ತಿದ್ದ ಘೋಷಣೆಯ ಮಾತುಗಳೂ ಕೊನೆಯ ಚರಣದೊಳಗೆ ಬಂದು ಕೂತವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಲಹೆ ಕೇಳಿ ಹಾಡು ತಿದ್ದೋದು ಹಾಂಗ್‌ಕಾಂಗಿನ ಜನ ಆಡುವ ಕ್ಯಾಂಟನೀಸ್ ಭಾಷೆಯಲ್ಲಿ ಸಣ್ಣ ಕೆಲಸ ಅಲ್ಲ. ಆ ಭಾಷೆಯಲ್ಲಿ ದನಿಯ ಏರಿಳಿತವೇ ಅರ್ಥವನ್ನು ತೀರ್ಮಾನಿಸುತ್ತದೆ. ‘ಸಿ’ ಅನ್ನೋ ಒಂದೇ ಉಚ್ಚಾರ, ಏರಿಳಿತ ಬದಲಾದ ಹಾಗೆ ಕವನ, ಇತಿಹಾಸ, ಕಾಲ, ಪೇಟೆ ಎಲ್ಲವೂ ಆಗುತ್ತದೆ. ನಮ್ಮಲ್ಲಿ ರಾಗ ಎತ್ತ ಎಳೆದರೂ ಮರ ಮರವೇ. ಅಲ್ಲಿ ಹಾಗಲ್ಲ. ರಾಗ ಮೇಲೆ ಹೋಗುವ ಕಡೆ ಕೆಳದನಿಯ ಪದ ಇಟ್ಟರೆ ಕೇಳುವವರಿಗೆ ಬೇರೆ ಪದವೇ ಕೇಳಿಸುತ್ತದೆ. ಹಾಗಾಗಿ ಒಂದು ಪದ ಬದಲಿಸಿದರೆ ರಾಗದ ಜೊತೆ ಮತ್ತೆ ಕೂಡಿಸಬೇಕು. ಇಷ್ಟು ಕಷ್ಟದ ಕೆಲಸವನ್ನು ಮುಖ ಪರಿಚಯವಿಲ್ಲದ ಜನ ಸೇರಿ ಕೆಲವೇ ದಿನಗಳಲ್ಲಿ ಮಾಡಿದರು. ಚೀನಾದ ರಾಷ್ಟ್ರಗೀತೆ ಇರುವುದು ಆ ದೇಶದ ಅಧಿಕೃತ ನುಡಿಯಾದ ಮ್ಯಾಂಡರಿನ್‌ನಲ್ಲಿ. ಈ ಹಾಡು ಮನೆಯಲ್ಲಿ ಆಡುವ ಮಾತಿನಲ್ಲಿತ್ತು. ಭಾಷೆಗಾಗಿ ಜಗಳ ಆಡಿದ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಸೆಪ್ಟೆಂಬರ್ ಎರಡನೇ ವಾರಕ್ಕೆ ಹಾಡು ಊರೆಲ್ಲ ಹಬ್ಬಿತ್ತು. 10ನೇ ತಾರೀಕು ಇರಾನ್ ವಿರುದ್ಧ ವಿಶ್ವಕಪ್ ಅರ್ಹತಾ ಫುಟ್‌ಬಾಲ್ ಪಂದ್ಯ. ಚೀನಾದ ರಾಷ್ಟ್ರಗೀತೆ ಬಂದಾಗ ಗ್ಯಾಲರಿಯಲ್ಲಿ ಜನ ಹೋ ಅಂತ ಕೂಗಿದರು, ಆಮೇಲೆ ಈ ಹಾಡು ಹಾಡಿದರು. ಮರುದಿನ ಮಾಲ್‌ಗಳಲ್ಲಿ. ಮಾಲ್‌ನಲ್ಲಿ ನಡುವೆ ತೆರೆದ ಜಾಗ, ಸುತ್ತ ಐದಾರು ಮಹಡಿ, ಗಾಜಿನ ಕಟಕಟೆ. ಕೆಳಗೆ ಯಾರೋ ಶುರು ಮಾಡಿದರೆ ಮೇಲಿನ ಮಹಡಿಯವರು ಕಟಕಟೆಗೆ ಒರಗಿ ಸೇರಿಕೊಳ್ಳುತ್ತಿದ್ದರು. ದನಿ ಗೋಡೆಗೆ ಬಡಿದು ವಾಪಸ್ ಬಂದು ದೊಡ್ಡದಾಗುತ್ತಿತ್ತು. ಬೀದಿಯಲ್ಲಾದರೆ ಅಶ್ರುವಾಯು, ಓಟ. ಇಲ್ಲಿ ಕೈಯಲ್ಲಿ ಶಾಪಿಂಗ್ ಚೀಲ ಹಿಡಿದ ಗೃಹಿಣಿಯೂ ಐದು ನಿಮಿಷ ನಿಂತು ಹಾಡಬಹುದಿತ್ತು. ಬೀದಿಗೆ ಬರಲು ಹೆದರುವವರಿಗೂ ಚಳವಳಿಯಲ್ಲಿ ಒಂದು ಜಾಗ ಸಿಕ್ಕಿತು. ಹಾಡಿನ ದೊಡ್ಡ ಕೆಲಸ ಇದೇ ಅಂತ ನನ್ನ ನಂಬಿಕೆ. ಕಲ್ಲು ಎಸೆಯೋದಕ್ಕೆ, ಬ್ಯಾರಿಕೇಡ್ ಹಿಡಿಯೋದಕ್ಕೆ ಎಲ್ಲರಿಗೂ ಆಗಲ್ಲ. ಹಾಡೋದಕ್ಕೆ ಎಲ್ಲರಿಗೂ ಆಗುತ್ತದೆ.

ಅದೇ ವಾರ ಒಂದು ವಿಡಿಯೋ ಬಂತು. ನೂರೈವತ್ತಕ್ಕೂ ಹೆಚ್ಚು ವಾದ್ಯಗಾರರು ಮತ್ತು ಗಾಯಕರ ವಾದ್ಯಗೋಷ್ಠಿ. ಎಲ್ಲರೂ ಕಪ್ಪು ಬಟ್ಟೆ, ತಲೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಮುಖಕ್ಕೆ ಮಾಸ್ಕ್. ಪಿಟೀಲಿನ ಮೇಲೆ ಕಮಾನು ಎಳೆಯುವ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ನಡುವೆ ಹೊಗೆ ತೇಲುತ್ತದೆ. ಬೇರೆ ಯಾವುದೇ ಕಛೇರಿಯಲ್ಲಿ ಕಲಾವಿದರ ಹೆಸರು ಮೊದಲು ಬರುತ್ತದೆ. ಇಲ್ಲಿ ಹೆಸರು ಮುಚ್ಚಿಡುವುದೇ ಜೀವ ಉಳಿಸಿಕೊಳ್ಳುವ ದಾರಿ. ಚಳವಳಿಗೇ ನಾಯಕರಿರಲಿಲ್ಲ. 2014ರಲ್ಲಿ ಅಲ್ಲೇ ಮುಕ್ತ ಚುನಾವಣೆಗಾಗಿ ನಡೆದ ಕೊಡೆ ಚಳವಳಿಯಲ್ಲಿ ನಾಯಕರನ್ನು ಹಿಡಿದು ಜೈಲಿಗೆ ಹಾಕಿದ್ದನ್ನು ಈ ಹುಡುಗರು ನೋಡಿದ್ದರು. ಹಾಗಾಗಿ ತಲೆ ಇಲ್ಲದ ಚಳವಳಿಗೆ ಹೆಸರಿಲ್ಲದ ಹಾಡು.

ಆಮೇಲೆ ಕಾನೂನಿನ ಸರದಿ. 2020ರ ಜೂನ್‌ನಲ್ಲಿ ಮೊದಲು ರಾಷ್ಟ್ರಗೀತೆ ಕಾಯ್ದೆ ಬಂತು. ಅವಮಾನ ಮಾಡಿದರೆ 3 ವರ್ಷದವರೆಗೆ ಜೈಲು. ತಿಂಗಳ ಕೊನೆಗೆ ರಾಷ್ಟ್ರೀಯ ಭದ್ರತಾ ಕಾನೂನು. ಜುಲೈಯಲ್ಲಿ ಶಾಲೆಗಳಲ್ಲಿ ಈ ಹಾಡು ಹಾಡಕೂಡದು ಅಂತ ಶಿಕ್ಷಣ ಮಂತ್ರಿ ಹೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ರಾಣಿಗೆ ಶ್ರದ್ಧಾಂಜಲಿ ಸಲ್ಲಿಸಲು ಜನ ಬ್ರಿಟಿಷ್ ದೂತಾವಾಸದ ಹೊರಗೆ ಸೇರಿದ್ದಾಗ ಒಬ್ಬರು ಮೌತ್ ಆರ್ಗನ್‌ನಲ್ಲಿ ಈ ರಾಗ ನುಡಿಸಿದರು. ಪೊಲೀಸರು ಹಿಡಿದುಕೊಂಡು ಹೋದರು. ಮೌತ್ ಆರ್ಗನ್‌ನಲ್ಲಿ ಮಾತೇ ಇಲ್ಲ ಅನ್ನೋದನ್ನು ಗಮನಿಸಿ. ರಾಗ ಒಂದೇ ಸಾಕಾಯಿತು.

ಅದೇ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ರಗ್ಬಿ ಪಂದ್ಯ. ಹಾಂಗ್‌ಕಾಂಗ್ ತಂಡದ ರಾಷ್ಟ್ರಗೀತೆ ಅಂತ ಈ ಹಾಡೇ ಮೊಳಗಿತು. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಇದೇ ಮೊದಲು ಸಿಕ್ಕಿತ್ತಂತೆ. 2023ರ ಫೆಬ್ರವರಿಯಲ್ಲಿ ಬೋಸ್ನಿಯಾದಲ್ಲಿ ನಡೆದ ಐಸ್ ಹಾಕಿ ಪಂದ್ಯದಲ್ಲಿ ಮತ್ತೆ ಹಾಗೇ ಆಯಿತು. ಹುಡುಕಾಟದ ಫಲಿತಾಂಶ ಬದಲಿಸಿ ಅಂತ ಸರ್ಕಾರ ಗೂಗಲ್‌ಗೆ ಕೇಳಿತು. ಗೂಗಲ್ ಒಪ್ಪಲಿಲ್ಲ. ಆಗಲೇ ಸರ್ಕಾರ ಕೋರ್ಟಿಗೆ ಹೋಗಿದ್ದು. ಸುದ್ದಿ ಬಂದದ್ದೇ ತಡ, ಜನ ಹಾಡನ್ನು ಡೌನ್‌ಲೋಡ್ ಮಾಡಿಕೊಳ್ಳಲು ಮುಗಿಬಿದ್ದರು. ಅಲ್ಲಿನ ಐಟ್ಯೂನ್ಸ್ ಪಟ್ಟಿಯ ಮೇಲಿನ ಸಾಲುಗಳೆಲ್ಲ ಈ ಹಾಡಿನ ಬೇರೆ ಬೇರೆ ರೂಪಗಳಿಂದಲೇ ತುಂಬಿದವು.

2023ರ ಜುಲೈ 28ರಂದು ಹೈಕೋರ್ಟ್ ನ್ಯಾಯಾಧೀಶ ಆಂಥೊನಿ ಚಾನ್ ಅರ್ಜಿ ತಳ್ಳಿಹಾಕಿದರು. ತಪ್ಪು ಮಾಡದ ಜನರೂ ಹೆದರಿ ಬಾಯಿ ಮುಚ್ಚುವಂತಾಗಬಹುದು ಅನ್ನೋದು ಅವರು ಕೊಟ್ಟ ಕಾರಣಗಳಲ್ಲಿ ಒಂದು. 2024ರ ಮೇ 8ರಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಹಾಡು ಕಟ್ಟಿದವರೇ ಅದನ್ನು ಆಯುಧವಾಗಲಿ ಅಂತ ಕಟ್ಟಿದ್ದಾರೆ, ಅದು ಆಯುಧವೇ ಆಗಿದೆ ಅಂತ ಹೇಳಿತು. ಯೂಟ್ಯೂಬಿನ 32 ವಿಡಿಯೋಗಳ ಪಟ್ಟಿ ಕೊಟ್ಟಿತು. ಒಂದು ವಾರದಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೂತು ಅವನ್ನು ನೋಡಲು ಆಗದಂತಾಯಿತು. ವಾರಸುದಾರರು ಸಿಗಲಿಲ್ಲ, ಹಾಗಾಗಿ ಹಾಡು ಸಿಗುವ ಅಂಗಡಿಯನ್ನೇ ಮುಚ್ಚಿಸಿದರು. ಹೆಸರಿಲ್ಲದಿರುವುದು ಬರೆದವರನ್ನು ಕಾಪಾಡಿತು. ಹಾಡನ್ನು ಕಾಪಾಡಲು ಆಗಲಿಲ್ಲ.

ಮ್ಯಾನ್ಮಾರ್‌ಗೆ ಬರೋಣ. 2021ರ ಫೆಬ್ರವರಿ 1ರ ಬೆಳಗ್ಗೆ ಸೇನೆ ಅಧಿಕಾರ ಕಿತ್ತುಕೊಂಡಿತು. ಮರುದಿನ ರಾತ್ರಿ 8 ಗಂಟೆಗೆ ಯಾಂಗೂನ್ ನಗರದ ಮನೆಮನೆಗಳಿಂದ ಪಾತ್ರೆ, ತಟ್ಟೆ, ಬಾಣಲೆ ಬಡಿಯುವ ಸದ್ದು ಶುರುವಾಯಿತು. ಕೆಟ್ಟ ಶಕ್ತಿಯನ್ನು ಮನೆಯಿಂದ ಓಡಿಸಲು ಹೀಗೆ ಸದ್ದು ಮಾಡುವ ಪದ್ಧತಿ ಅಲ್ಲಿ ಹಳೆಯದು. ಸೇನೆಯೂ ಹಾಗೇ ಹೋಗಲಿ ಅನ್ನೋದು ತಾತ್ಪರ್ಯ. ಗ್ರಹಣದ ಹೊತ್ತಲ್ಲಿ ಒನಕೆ ನಿಲ್ಲಿಸುವ, ದೃಷ್ಟಿ ತೆಗೆಯುವ ಊರಿನವರು ನಾವು. ಈ ಸದ್ದಿನ ಅರ್ಥ ನಮಗೆ ಬೇಗ ಆಗುತ್ತದೆ.

ಸದ್ದು ನಿಂತ ಮೇಲೆ ಹಾಡು. ಜಾಸ್ತಿ ಕೇಳಿಬಂದದ್ದು ‘ಕಬಾ ಮ ಚೇ ಬೂ’. ಜಗತ್ತು ಮುಗಿಯುವ ತನಕ ಈ ಲೆಕ್ಕ ಮುಗಿಯಲ್ಲ ಅನ್ನೋ ಭಾವ. ಇದು 1988ರ ಹಾಡು. ಆ ವರ್ಷ ವಿದ್ಯಾರ್ಥಿಗಳು ಎದ್ದಿದ್ದರು, ಸೇನೆ ಸಾವಿರಾರು ಜನರನ್ನು ಕೊಂದಿತ್ತು. ಬರೆದವರು ನಾಯಿಂಗ್ ಮ್ಯಾನ್ಮಾರ್. ರಾಗ ಮಾತ್ರ ಕ್ಯಾನ್ಸಸ್ ಅನ್ನೋ ಅಮೆರಿಕದ ರಾಕ್ ತಂಡದ 1977ರ ಹಾಡಿನದ್ದು. ಹೊರಗಿನ ರಾಗಕ್ಕೆ ತಮ್ಮ ಮಾತು ಕೂಡಿಸೋದು ಅಲ್ಲಿ ಮಾಮೂಲಿ. ‘ಕಾಪಿ’ ಹಾಡು ಅಂತಲೇ ಕರೆಯುತ್ತಾರೆ. ನಮ್ಮ ಕಂಪನಿ ನಾಟಕದ ಪುಸ್ತಕಗಳಲ್ಲಿ ಹಾಡಿನ ಮೇಲೆ ಇಂಥದ್ದರ ಮಟ್ಟು ಅಂತ ಬರೆದಿರುತ್ತಿತ್ತಲ್ಲ, ಹಾಗೇ. ಮಟ್ಟು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಹಾಡು ಕಲಿಯಲು ಒಂದು ರಾತ್ರಿ ಸಾಕು. 1988ರಲ್ಲಿ ಹಾಡಿದವರ ಮಕ್ಕಳು 2021ರಲ್ಲಿ ಅದನ್ನೇ ಹಾಡಿದರು. ಅಪ್ಪ ಅಮ್ಮನ ಬಾಯಲ್ಲಿ ಕೇಳಿದ್ದ ಹಾಡು ಹೀಗೆ ಮೊಬೈಲ್ ಟಾರ್ಚ್‌ಗಳ ನಡುವೆ ಮತ್ತೆ ಎದ್ದು ಬಂತು. ಅದರಲ್ಲಿ ನನಗೆ ಸಂತೋಷಕ್ಕಿಂತ ಸಂಕಟವೇ ಜಾಸ್ತಿ ಕಾಣುತ್ತದೆ. ಮೂವತ್ತಮೂರು ವರ್ಷ ಆದರೂ ಆ ಹಾಡು ಹಳೆಯದಾಗಿರಲಿಲ್ಲ.

ಅದೇ ದೇಶದಲ್ಲಿ ಹೆಸರು ಹೇಳಿ ಹಾಡಿದ ಒಬ್ಬರಿದ್ದರು. ಫ್ಯೋ ಜೇಯಾ ಥಾವ್. 1981ರಲ್ಲಿ ಹುಟ್ಟಿದವರು. ‘ಆ್ಯಸಿಡ್’ ಅನ್ನೋ ಅವರ ತಂಡ 2000ದಲ್ಲಿ ಆಲ್ಬಂ ತಂದಾಗ ಬರ್ಮೀಸ್‌ನಲ್ಲಿ ಹಿಪ್‌ಹಾಪ್ ಹೊಸದು. ಆಗ ಪ್ರತಿ ಹಾಡಿನ ಸಾಹಿತ್ಯವೂ ಸೆನ್ಸಾರ್ ದಾಟಿ ಬರಬೇಕಿತ್ತು. ರ‍್ಯಾಪ್‌ನಲ್ಲಿ ಮಾತು ವೇಗ, ಬೀದಿಯ ನುಡಿ, ಒಳ ಅರ್ಥ. ಹುಡುಗರಿಗೆ ಅರ್ಥ ಆಗೋದು ಅಧಿಕಾರಿಗೆ ಆಗುತ್ತಿರಲಿಲ್ಲ. 2007ರಲ್ಲಿ ಬೌದ್ಧ ಭಿಕ್ಷುಗಳು ಬೀದಿಗಿಳಿದ ಮೇಲೆ ಜೇಯಾ ಥಾವ್ ಗೆಳೆಯರ ಜೊತೆ ‘ಜನರೇಷನ್ ವೇವ್’ ಅನ್ನೋ ಯುವಕರ ಸಂಘಟನೆ ಕಟ್ಟಿದರು. 2008ರಲ್ಲಿ ಜೈಲು, 2011ರಲ್ಲಿ ಬಿಡುಗಡೆ, 2012ರಲ್ಲಿ ಆಂಗ್ ಸಾನ್ ಸೂ ಕಿ ಪಕ್ಷದಿಂದ ಸಂಸದ. 2021ರ ಕ್ಷಿಪ್ರಕ್ರಾಂತಿಯ ನಂತರ ಭೂಗತರಾದರು. ಭಯೋತ್ಪಾದನೆ ಆರೋಪ ಹೊರಿಸಿ ನವೆಂಬರ್‌ನಲ್ಲಿ ಹಿಡಿದರು. 2022ರ ಜುಲೈಯಲ್ಲಿ ಅವರನ್ನೂ ಇನ್ನೂ ಮೂವರನ್ನೂ ಮರಣದಂಡನೆಗೆ ಗುರಿಮಾಡಿದರು. ಆ ದೇಶದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಮರಣದಂಡನೆ ಜಾರಿಯಾಗಿರಲಿಲ್ಲ.

ಅವರನ್ನು ಕೊಂದದ್ದು ಹಾಡಿಗಾಗಿ ಅಂತ ಹೇಳಿದರೆ ತಪ್ಪಾಗುತ್ತದೆ. ಆ ಹೊತ್ತಿಗೆ ಅವರು ಹಾಡುಗಾರರಷ್ಟೇ ಆಗಿರಲಿಲ್ಲ. ಆದರೆ ಅಷ್ಟೊಂದು ಜನ ಅವರ ಮಾತು ನಂಬಿದ್ದು ಹಾಡಿನಿಂದ. ಅವರ ದನಿ ಮನೆಮನೆಗೆ ಗೊತ್ತಿತ್ತು. ಗೊತ್ತಿದ್ದ ದನಿಯೇ ಸೇನೆಗೆ ಜಾಸ್ತಿ ಅಪಾಯ ಅನ್ನಿಸಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹಾಡಿಗೆ ಹೆದರೋದು ಸೇನೆ ಮಾತ್ರ ಅಂತ ತಿಳಿಯಬೇಡಿ. ಬರ್ಮಾದಲ್ಲಿ ‘ತಾನ್‌ಜಾಟ್’ ಅನ್ನೋ ಹಳೇ ಕಲೆ ಇದೆ. ಹೊಸ ವರ್ಷದ ನೀರೆರಚುವ ಹಬ್ಬದಲ್ಲಿ ಗುಂಪು ಕಟ್ಟಿ ಡೋಲಿನ ತಾಳಕ್ಕೆ ಊರ ದೊಡ್ಡವರನ್ನು, ಸರ್ಕಾರವನ್ನು ಹಾಡಿ ಆಡಿಕೊಳ್ಳುವುದು. 2019ರಲ್ಲಿ ಸೇನೆಯನ್ನು ಹೀಗೆ ಆಡಿಕೊಂಡ ‘ಪೀಕಾಕ್ ಜನರೇಷನ್’ ತಂಡದ ಯುವಕರನ್ನು ಜೈಲಿಗೆ ಕಳಿಸಿದರು. ಆಗ ಇದ್ದದ್ದು ಚುನಾಯಿತ ಸರ್ಕಾರ. ಪ್ರಜಾಪ್ರಭುತ್ವ ಬಂತು ಅಂತ ಹಾಡುಗಾರರು ಸುಮ್ನೆ ನಿರಾಳವಾಗಿ ಕೂರುವಂತಿರಲಿಲ್ಲ.

ಬಾಂಗ್ಲಾದೇಶದಲ್ಲಿ ಕಥೆ ಬೇರೆ ತಿರುವು ತಗೊಂಡಿತು. ಸರ್ಕಾರಿ ಕೆಲಸದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಕುಟುಂಬಗಳಿಗೆ 30 ಪರ್ಸೆಂಟ್ ಮೀಸಲು ಇಡುವ ನಿಯಮವನ್ನು 2024ರ ಜೂನ್‌ನಲ್ಲಿ ಹೈಕೋರ್ಟ್ ಮತ್ತೆ ಜಾರಿಗೆ ತಂದಿತು. ಜುಲೈ ಮೊದಲಿಗೆ ವಿದ್ಯಾರ್ಥಿಗಳು ಎದ್ದರು. 14ನೇ ತಾರೀಕು ಪ್ರಧಾನಿ ಶೇಖ್ ಹಸೀನಾ, ಹೋರಾಟಗಾರರ ಮೊಮ್ಮಕ್ಕಳಿಗೆ ಸಿಗದೆ ರಜಾಕಾರರ ಮೊಮ್ಮಕ್ಕಳಿಗೆ ಸಿಗಬೇಕಾ ಅಂತ ಕೇಳಿದರು. ಅಲ್ಲಿ ರಜಾಕಾರ ಅಂದರೆ 1971ರಲ್ಲಿ ಪಾಕಿಸ್ತಾನಿ ಸೇನೆಯ ಜೊತೆ ಸೇರಿ ತಮ್ಮವರನ್ನೇ ಕೊಂದವರು. ನಮ್ಮ ಬೀದರ್, ಕಲಬುರಗಿ, ರಾಯಚೂರಿನ ಹಿರಿಯರಿಗೆ ಈ ಪದದ ಕಹಿ ಬೇರೆ ಇತಿಹಾಸದಿಂದ ಗೊತ್ತು. ಆ ಬೈಗುಳ ಎಷ್ಟು ಆಳಕ್ಕೆ ಚುಚ್ಚಬಹುದು ಅನ್ನೋದು ಅವರಿಗೆ ತಿಳಿಯುತ್ತದೆ.

ಆ ರಾತ್ರಿ ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಂದ ಹುಡುಗಿಯರು, ಹುಡುಗರು ಹೊರಗೆ ಬಂದರು. “ತುಮಿ ಕೇ, ಆಮಿ ಕೇ?” ನೀನ್ಯಾರು, ನಾನ್ಯಾರು? ವಿಮೋಚನೆಯ ಕಾಲದ ಹಳೇ ಘೋಷಣೆ ಇದು. ಆಗಿನ ಉತ್ತರ, “ಬಂಗಾಳಿ, ಬಂಗಾಳಿ.” ಈಗ ಅದೇ ತಾಳಕ್ಕೆ ಉತ್ತರ ಬದಲಾಯಿತು: “ರಜಾಕಾರ್, ರಜಾಕಾರ್.” ಮುಂದಿನ ಸಾಲು, ಹಾಗಂದದ್ದು ಯಾರು? ಅದಕ್ಕೆ ಉತ್ತರ, “ಸ್ವೈರಾಚಾರ್.” ನಿರಂಕುಶ ಆಡಳಿತ. ತಮಗೆ ಹಚ್ಚಿದ ಮಸಿಯನ್ನು ಎರಡೇ ಸಾಲಲ್ಲಿ ಹಚ್ಚಿದವರ ಮುಖಕ್ಕೇ ಬಳಿದರು. ತಾಳ ಎಲ್ಲರಿಗೂ ಗೊತ್ತಿದ್ದದ್ದೇ. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ದಿನಕ್ಕೆ, ಜುಲೈ 16ರಂದು, ರಂಗಪುರದಲ್ಲಿ ಎರಡೂ ಕೈ ಚಾಚಿ ನಿಂತಿದ್ದ ಅಬು ಸಯೀದ್ ಅನ್ನೋ ವಿದ್ಯಾರ್ಥಿಯನ್ನು ಪೊಲೀಸರು ಗುಂಡಿಟ್ಟು ಕೊಂದರು. ಅದೇ ದಿನ ಶೇಜಾನ್ ಅನ್ನೋ ರ‍್ಯಾಪರ್‌ನ ‘ಕಥಾ ಕೋ’ ಬಿಡುಗಡೆಯಾಯಿತು. ಕಥಾ ಅಂದರೆ ಮಾತು. ಪುಸ್ತಕದ ಬಂಗಾಳಿಯಲ್ಲಿ ‘ಕಥಾ ಬೋಲೋ’ ಅನ್ನಬೇಕು. ‘ಕೋ’ ಅನ್ನೋದು ಢಾಕಾ ಕಡೆಯ ಆಡುಮಾತು. ‘ಮಾತನಾಡು’ ಅಂತ ಬರೆಯುವ ಕಡೆ ‘ಮಾತಾಡೋ’ ಅಂದ ಹಾಗೆ. ಆ ಒಂದು ಪದದಲ್ಲೇ ಗೆಳೆಯ ಬಂದು ಹೆಗಲು ಹಿಡಿದು ಅಲ್ಲಾಡಿಸಿದಂತಿದೆ. 1952ರಲ್ಲಿ ಮಾತೃಭಾಷೆಗಾಗಿ ಗುಂಡು ತಿಂದ ಹುಡುಗರ ನೆನಪೂ ಹಾಡಿನಲ್ಲಿದೆ. ಎರಡು ದಿನ ಬಿಟ್ಟು ಹನ್ನಾನ್ ಅನ್ನೋ ಇನ್ನೊಬ್ಬ ಯುವಕನ ‘ಆವಾಜ್ ಉಠಾ’ ಬಂತು. ಇಬ್ಬರೂ ಮಾಸ್ಕ್ ಹಾಕಿಕೊಳ್ಳಲಿಲ್ಲ. ಹನ್ನಾನ್‌ನನ್ನು ಜುಲೈ 25ಕ್ಕೆ ಬಂಧಿಸಿದರು.

ಆಗ ಇಂಟರ್ನೆಟ್ ಕೂಡ ಬಂದ್ ಆಗಿತ್ತು. 18ರ ರಾತ್ರಿಯಿಂದ ದಿನಗಟ್ಟಲೆ ದೇಶ ಕತ್ತಲಲ್ಲಿತ್ತು. ಸರ್ಕಾರ ಲೈನ್ ಕಿತ್ತರೆ ಆನ್‌ಲೈನ್ ಹಾಡು ಸಾಯಬೇಕಿತ್ತು. ಆದರೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು. ಜೊತೆಗೆ ಶಾಲೆಯಲ್ಲಿ ಕಲಿತ ಹಾಡುಗಳಿದ್ದವು. ಕವಿ ನಜ್ರುಲ್ ಇಸ್ಲಾಂ ಬ್ರಿಟಿಷರ ಕಾಲದಲ್ಲಿ ಬರೆದ ಜೈಲಿನ ಕಬ್ಬಿಣದ ಬಾಗಿಲು ಒಡೆಯಿರಿ ಅನ್ನೋ ಹಾಡು, ಡಿ. ಎಲ್. ರಾಯ್ ಅವರ ದೇಶಭಕ್ತಿಗೀತೆ. ಹೊಸ ರ‍್ಯಾಪೂ ನೂರು ವರ್ಷದ ಹಳೇ ಹಾಡೂ ಒಂದೇ ಬೀದಿಯಲ್ಲಿ ಕೇಳಿಬಂದವು. ಹಳೇ ಹಾಡು ಹಾಡುವ ವಿದ್ಯಾರ್ಥಿಯನ್ನು ದೇಶದ್ರೋಹಿ ಅನ್ನೋದು ಕಷ್ಟ. ಅದನ್ನು ಸರ್ಕಾರವೇ ಪಠ್ಯದಲ್ಲಿ ಕಲಿಸಿರುತ್ತದೆ. ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟರು. ಮರುದಿನ ಹನ್ನಾನ್ ಹೊರಗೆ ಬಂದರು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಅಂದಾಜಿನಲ್ಲಿ ಆ ದಿನಗಳಲ್ಲಿ 1,400ರಷ್ಟು ಜನ ಸತ್ತಿರಬಹುದು. ಈ ಸಂಖ್ಯೆ ಬಿಟ್ಟು ಆ ಹಾಡುಗಳ ಬಗ್ಗೆ ಮಾತಾಡೋದು ಸರಿಯಲ್ಲ.

ಹಾಗಾದರೆ ಬಾಂಗ್ಲಾದಲ್ಲಿ ಹಾಡು ಗೆದ್ದಿತಾ? ನಾನು ಹಾಗೆ ಹೇಳಲಾರೆ. ಸರ್ಕಾರ ಬಿದ್ದದ್ದು ಜನ ಜೀವ ಕೊಟ್ಟು ಬೀದಿ ಬಿಡದ್ದರಿಂದ. ಕೊನೆಗೆ ಸೇನೆ ಗುಂಡು ಹಾರಿಸಲು ಮನಸ್ಸು ಮಾಡದ್ದರಿಂದ. ಮ್ಯಾನ್ಮಾರ್‌ನಲ್ಲಿ ಸೇನೆ ಗುಂಡು ಹಾರಿಸಿತು, ಎಷ್ಟು ಹಾಡಿದರೂ ನಿಲ್ಲಿಸಲಿಲ್ಲ. ಹಾಡು ಬಂದೂಕಿನ ಗುರಿ ತಪ್ಪಿಸುವುದಿಲ್ಲ. ಪಕ್ಕದವನೂ ನನ್ನ ಹಾಗೇ ಹೆದರಿದ್ದಾನೆ, ಆದರೂ ನಿಂತಿದ್ದಾನೆ ಅನ್ನೋದನ್ನು ಅದು ಕಿವಿಗೆ ಮುಟ್ಟಿಸುತ್ತದೆ. ಒಟ್ಟಿಗೆ ಹಾಡುವಾಗ ಒಟ್ಟಿಗೆ ಉಸಿರು ತಗೊಳ್ಳಬೇಕಾಗುತ್ತದೆ. ಎದೆಬಡಿತ ಸ್ವಲ್ಪ ತಗ್ಗುತ್ತದೆ. ಓಡಿಹೋಗಬೇಕು ಅನ್ನಿಸಿದವನು ಇನ್ನೊಂದು ಚರಣ ನಿಲ್ಲುತ್ತಾನೆ. ನಮ್ಮ 70, 80ರ ದಶಕದ ದಲಿತ, ರೈತ ಚಳವಳಿಗಳಲ್ಲಿ ತಮಟೆ ಮಾಡಿದ ಕೆಲಸವೂ ಇದೇ. ಊರಿನ ಬೀದಿಯಲ್ಲಿ ಮೊದಲ ಬಾರಿ ತಲೆ ಎತ್ತಿ ನಡೆಯುವವನ ಕಾಲಿಗೆ ಅದು ಧೈರ್ಯ ಕೊಟ್ಟಿತ್ತು. ಹಾಡು ಬರೆದವರ ಹೆಸರು ಅಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ, ಪಲ್ಲವಿ ಎಲ್ಲರಿಗೂ ಗೊತ್ತಿತ್ತು.

ಬಾಂಗ್ಲಾದ ಕಥೆ ಆಗಸ್ಟ್‌ಗೆ ಮುಗಿಯಲಿಲ್ಲ. ಪ್ರಾಥಮಿಕ ಶಾಲೆಗಳಿಗೆ ಸಂಗೀತ ಶಿಕ್ಷಕರನ್ನು ತಗೊಳ್ಳಲು 2025ರಲ್ಲಿ ಮಧ್ಯಂತರ ಸರ್ಕಾರ ನಿಯಮ ಮಾಡಿತ್ತು. ಕೆಲವು ಧಾರ್ಮಿಕ ಸಂಘಟನೆಗಳು ವಿರೋಧ ಮಾಡಿದವು. ನವೆಂಬರ್‌ನಲ್ಲಿ ಆ ಹುದ್ದೆಗಳನ್ನೇ ಕೈಬಿಟ್ಟರು. ಹಾಡುತ್ತಾ ಬೀದಿಗಿಳಿದ ಮಕ್ಕಳಿಂದ ಬಂದ ಸರ್ಕಾರ ಅದು. ಅದೇ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಗುಂಪೊಂದು ಢಾಕಾದ ಧಾನ್‌ಮಂಡಿಯಲ್ಲಿರುವ ಛಾಯಾನಟ್ ಸಂಗೀತ ಸಂಸ್ಥೆಗೆ ನುಗ್ಗಿ ವಾದ್ಯಗಳನ್ನು ಒಡೆದುಹಾಕಿತು.

ಛಾಯಾನಟ್ ಹುಟ್ಟಿದ್ದು 1961ರಲ್ಲಿ. ಟ್ಯಾಗೋರರ ನೂರನೇ ವರ್ಷದ ಆಚರಣೆಯನ್ನು ಆಗಿನ ಪಾಕಿಸ್ತಾನಿ ಆಡಳಿತ ಇಷ್ಟಪಡಲಿಲ್ಲ, ಆದರೂ ಆಚರಿಸಿದವರು ಸೇರಿ ಕಟ್ಟಿದ್ದು. 1967ರಿಂದ ಅವರು ಬಂಗಾಳಿ ಹೊಸ ವರ್ಷದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ರಮ್ನಾ ಪಾರ್ಕಿನ ಒಂದು ಮರದ ಕೆಳಗೆ ಕೂತು ಹಾಡುತ್ತಾರೆ. ಜನ ಅದನ್ನು ಆಲದ ಬುಡ ಅಂತ ಕರೆಯುತ್ತಾರೆ, ಮರ ಮಾತ್ರ ಅರಳಿ. 2001ರ ಹೊಸ ವರ್ಷದ ಬೆಳಗ್ಗೆ ಹಾಡು ನಡೆಯುತ್ತಿದ್ದಾಗಲೇ ಅಲ್ಲಿ ಬಾಂಬ್ ಸಿಡಿದು 10 ಜನ ಸತ್ತರು. ಮರು ವರ್ಷ ಅದೇ ದಿನ, ಅದೇ ಹೊತ್ತಿಗೆ, ಅದೇ ಅರಳಿಮರದ ಕೆಳಗೆ ಮತ್ತೆ ಕೂತು ಹಾಡಿದರು.